ಕೈ ಮಡಚಿಕೊಳ್ಳುವ ಕ್ರಿಮಿ, ಬಾಯಿ ಬಿಡದ ಅವ್ವ

ದಾಂಡೇಲಿ,
ಬಸ್ ನಿಲ್ದಾಣದ ಸಿಬ್ಬಂದಿ ಕೋಣೆ,
ಜನವರಿ ೧೭, ಶುಕ್ರವಾರ

ಪುಣೆಯ ಪ್ರಯೋಗಾಲಯದಲ್ಲಿ ಕ್ರಿಮಿಗಳ ಯೋಗಕ್ಷೇಮ ವಿಚಾರಿಸುತ್ತ ಕೂತಿರುವ ನನ್ನ ತಂಗಿ ನಿಮ್ಮಿಗೆ, ದಾಂಡೇಲಿಯಲ್ಲಿ ಪ್ರಯಾಣಿಕರ ಯೋಗಕ್ಷೇಮ ವಿಚಾರಿಸುತ್ತ ನಿಂತಿರುವ ಅಣ್ಣ ಪರಸಪ್ಪನ ಪ್ರೀತಿ.

ಹೇಗಿದ್ದೀ? ಹೋದ ವಾರ ಫೋನಿನಲ್ಲಿ ಕೇಳಿದಾಗ "ಆರಾಮ ಅದೀನಿ ಅಣ್ಣಾ" ಎಂದೆ, ಎರಡು ಕೆಮ್ಮಿನ ನಡುವೆ. ಬಸ್ಸಿನಲ್ಲಿ ಟಿಕೆಟ್ ಹರಿಯುತ್ತ ತಲೆ ನರೆಸಿಕೊಂಡವನು ನಾನು. "ಆರಾಮ ಅದೀನಿ" ಮತ್ತು "ಪಾಸ್ ಐತ್ರಿ" ಎರಡನ್ನೂ ಒಂದೇ ಚೀಲದಲ್ಲಿ ಇಡುತ್ತೇನೆ. ಕಣ್ಣಿಗೆ ಕಾಣುವವರೆಗೆ ನಂಬುವುದಿಲ್ಲ. ಅಲ್ಲಿ ಚಳಿ ಜಾಸ್ತಿಯಂತೆ, ಕಿವಿಗೆ ಸ್ಕಾರ್ಫ್ ಕಟ್ಟಿಕೋ, ಬಿಸಿನೀರು ಕುಡಿ. ಕುಡಿಯುತ್ತೇನೆ ಎಂದು ಬರೆದು ಕಳಿಸಬೇಡ, ಕುಡಿ.

ಫೋನಿರುವಾಗ ಪತ್ರ ಯಾಕೆ ಎಂದು ಹುಬ್ಬೇರಿಸಬಹುದು. ನಮ್ಮ ಮನೆಯಲ್ಲಿ ಇರುವುದು ಎರಡು ಕೋಣೆ, ಒಂದು ಅಡುಗೆಮನೆ, ಮತ್ತು ಇವಿಷ್ಟನ್ನೂ ತುಂಬಿ ಅಂಗಳಕ್ಕೂ ಚಾಚುವ ಅವ್ವನ ಕಿವಿ. ನಾನು ಫೋನ್ ಹಿಡಿದು ಪೇರಲ ಗಿಡದ ಕೆಳಗೆ ಹೋಗಿ ಪಿಸುಗುಟ್ಟಿದರೂ ಒಳಗಿನಿಂದ "ಯಾರೋ, ನಿಮ್ಮಿ ಏನು? ನನಗೇನೂ ಆಗಿಲ್ಲ ಅಂತ ಹೇಳು" ಎಂದು ಉತ್ತರ ಮೊದಲು ಬರುತ್ತದೆ, ಪ್ರಶ್ನೆ ಇನ್ನೂ ಹುಟ್ಟಿರುವುದಿಲ್ಲ. ವಾಟ್ಸಾಪಿನಲ್ಲಿ ಬರೆಯೋಣವೆಂದರೆ ನನ್ನ ಹೆಂಡತಿ, ನಿನ್ನ ವೈನಿ ಗೋದು ಓದುತ್ತಾಳೆ, ಗೋದು ಓದಿದ್ದು ಹಾಲು ಬರುವಷ್ಟರಲ್ಲಿ ಓಣಿಗೆಲ್ಲ ತಿಳಿದಿರುತ್ತದೆ. ನಿಲ್ದಾಣದಿಂದ ಫೋನ್ ಮಾಡಿದರೆ ನೀನು ಹೇಳಿದ್ದನ್ನು ಕೇಳಬಹುದು, ಈ ಸುದ್ದಿಯನ್ನು ಮಂದಿಯ ನಡುವೆ ನಾನು ಕೂಗಲಾಗದು. ಹಾಗಾಗಿ ಇಲ್ಲಿ ಕೂತಿದ್ದೇನೆ. ಜೊಯಿಡಾ ಬಸ್ಸು ಬಿಡಲು ಇನ್ನೂ ಹೊತ್ತಿದೆ. ಡ್ರೈವರ್ ದುರ್ಗಪ್ಪ ಪಕ್ಕದ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದಾನೆ. ಆ ಗೊರಕೆಯ ಮೇಲೂ ನನಗೆ ಪೂರ್ತಿ ಭರವಸೆ ಇಲ್ಲ.

ಸುದ್ದಿ ಅವ್ವನದು. ದೀಪಾವಳಿ ಮುಗಿದಾಗಿನಿಂದ ಆಕೆ ಬಚ್ಚಲಿಗೆ ಹೋಗುವುದು ಹೆಚ್ಚಾಗಿತ್ತು. ಹೋದವಳು ಹೊರಗೆ ಬಂದಾಗ ಮುಖ ಗಂಟು, ಕೇಳಿದರೆ "ವಯಸ್ಸಾತು, ನಿನಗೂ ಆಗತೈತಿ, ಆವಾಗ ತಿಳೀತೈತಿ" ಎಂಬ ಶಾಪದಂಥ ಆಶೀರ್ವಾದ. ಮುಂಡಗೋಡಿನಲ್ಲಿ ಗೋದುವಿನ ತಮ್ಮನ ಮಗುವಿನ ತೊಟ್ಟಿಲ ಕಾರ್ಯಕ್ಕೆ ಹೊರಟಾಗ ನನಗೆ ಅನುಮಾನ ಗಟ್ಟಿಯಾಯಿತು. ಹಳಿಯಾಳ ದಾಟಿದರೂ ಆಕೆ ಒಂದು ಗುಟುಕು ನೀರು ಕುಡಿಯಲಿಲ್ಲ. ತುಟಿ ಒಣಗಿ ಹಪ್ಪಳ. ನಾನು ಬಾಟಲಿ ಚಾಚಿದರೆ "ಕುಡದು? ನಡುವ ಎಲ್ಲಿ ಇಳಸ್ತೀ ನನ್ನ, ಅಡವ್ಯಾಗ?" ಎಂದಳು. ಬಸ್ಸು ನಮ್ಮದು, ಕಂಡಕ್ಟರ್ ಸ್ವಂತ ಮಗ, ಆದರೂ ಬಸ್ಸು ನಿಲ್ಲಿಸು ಎನ್ನಲು ನಾಚಿಕೆ. ನಮ್ಮ ಬಸ್ಸುಗಳಲ್ಲಿ ಓಡಾಡುವ ಹೆಂಗಸರೆಲ್ಲ ಹೀಗೇ ಒಣಗಿಕೊಂಡು ಹೋಗಿ ಒಣಗಿಕೊಂಡು ಬರುತ್ತಾರೆಂದು ಅವತ್ತು ಮೊದಲ ಸಲ ಗಮನಿಸಿದೆ. ಅಲ್ಲಿಯವರೆಗೆ ನನ್ನ ಗಮನವೆಲ್ಲ ಟಿಕೆಟ್ ತೆಗೆಸದೆ ಕಿಟಕಿಯಾಚೆ ನೋಡುವವರ ಮೇಲಿತ್ತು.

ಬಂದ ಮೇಲೆ ಚಳಿಜ್ವರ. ಡಾಕ್ಟರಬಾಯಿ ಗುಳಿಗೆ ಕೊಟ್ಟರು. ಅವ್ವ ಎರಡು ದಿನ ನುಂಗಿದಳು, ಉರಿ ನಿಂತಿತು, ಉಳಿದವನ್ನು ಉಪ್ಪಿನಕಾಯಿ ಭರಣಿಯ ಪಕ್ಕದ ಡಬ್ಬಿಯಲ್ಲಿ ಶೇಖರಿಸಿದಳು. "ಮುಂದಿನ ಸಲಕ್ಕ ಬೇಕಾಗ್ತಾವ." ಮುಂದಿನ ಸಲ ಬರುತ್ತದೆಂದು ಆಕೆಗೆ ಅಷ್ಟು ಖಾತ್ರಿ ಹೇಗೆ ಎಂದು ನಾನು ಕೇಳಿದ್ದಕ್ಕೆ ಗೋದು ನನ್ನನ್ನೇ ಅನುಮಾನದಿಂದ ನೋಡಿದಳು. ಬಂತು, ಮತ್ತೆ ಹೋಯಿತು, ಮತ್ತೆ ಬಂತು. ಓಣಿಯಲ್ಲಿ ತಲೆಗೊಂದು ತೀರ್ಮಾನ: ಮೌಳಂಗಿಗೆ ಹೋಗಿ ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂತದ್ದಕ್ಕೆ ಥಂಡಿ ಹತ್ತಿದೆ, ಮುಂಡಗೋಡಿನ ಊಟ ಹೀಟು, ಸೊಸೆಯ ಕೈಗುಣ. ಕೊನೆಯದನ್ನು ಹೇಳಿದವರು ಯಾರೆಂದು ಗೋದು ಇನ್ನೂ ಹುಡುಕುತ್ತಿದ್ದಾಳೆ.

ಮೂರನೆಯ ಸಲಕ್ಕೆ ಡಾಕ್ಟರಬಾಯಿ ಪೆನ್ನು ಕೆಳಗಿಟ್ಟರು. ಹೀಗೆ ಕತ್ತಲಲ್ಲಿ ಕಲ್ಲು ಹೊಡೆಯುತ್ತ ಹೋದರೆ ಒಂದಿನ ಕಿಡ್ನಿಗೆ ಹತ್ತುತ್ತದೆ, ಯಾವ ಕ್ರಿಮಿ, ಯಾವ ಔಷಧಕ್ಕೆ ಸಾಯುತ್ತದೆ ಎಂದು ಗೊತ್ತಾಗಲೇಬೇಕು, ಗುಳಿಗೆ ಮುಟ್ಟುವ ಮೊದಲು ಮೂತ್ರ ಕೊಡಿ, ಲ್ಯಾಬಿನಲ್ಲಿ ಕ್ರಿಮಿ ಬೆಳೆಸಿ ನೋಡೋಣ ಎಂದರು. ಮುಚ್ಚಳ ಬಿಗಿದ ಪುಟ್ಟ ಬಾಟ್ಲಿ ಕೊಟ್ಟರು. ಅವ್ವ ಅದನ್ನು ಸೆರಗಿನಲ್ಲಿ ಮುಚ್ಚಿ ಮನೆಗೆ ತಂದಳು, ಮರುದಿನ ಬೆಳಿಗ್ಗೆ ನಾನು ಪೇಪರಿನಲ್ಲಿ ಸುತ್ತಿ ಲ್ಯಾಬಿಗೆ ಒಯ್ದೆ. ವರದಿ ಬಂತು. ಕೀವಿನ ಕಣಗಳು ಬೇಕಾದಷ್ಟು, ಕ್ರಿಮಿ ಮಾತ್ರ ಒಂದೂ ಬೆಳೆದಿಲ್ಲ. ಹೊಗೆ ಇದೆ, ಬೆಂಕಿ ಇಲ್ಲ. ಡಾಕ್ಟರಬಾಯಿ ಅವ್ವನನ್ನು ನೋಡಿದರು. "ಗುಳಿಗಿ ತಗೊಂಡಿದ್ದಿರೇನ್ರಿ ಅಜ್ಜಿ?" ಅವ್ವ ಬನಶಂಕರಿಯ ಮೇಲೆ ಆಣೆ ಮಾಡಿದಳು. ಆಣೆ ಮಾಡುವವರನ್ನು ನಾನು ದಿನಾ ನೋಡುತ್ತೇನೆ. ಕೋಗಿಲಬನದಲ್ಲಿ ಹತ್ತಿದವನೊಬ್ಬ ಈಗಷ್ಟೇ ಹಿಂದಿನ ಸ್ಟಾಪಿನಲ್ಲಿ ಹತ್ತಿದೆ ಎಂದು ಇಡೀ ದೇವರ ಕೋಣೆಯನ್ನೇ ಸಾಕ್ಷಿ ಕರೆದಿದ್ದ.

ಆಗಲೇ ನಾನು ನಿನಗೆ ಫೋನ್ ಮಾಡಿದ್ದು. ನೆನಪಿದೆಯಲ್ಲ, ನಿಲ್ದಾಣದ ಗದ್ದಲದಲ್ಲಿ ನೀನು ಒಂದು ತಾಸು ಪಾಠ ಮಾಡಿದೆ. ನನಗೆ ತಿಳಿದಷ್ಟು ಇಲ್ಲಿ ಒಪ್ಪಿಸುತ್ತೇನೆ. ಇಂಥ ಬೇನೆ ತರುವುದು ಹೆಚ್ಚಾಗಿ ಒಂದೇ ಜಾತಿಯ ಕ್ರಿಮಿ, ಅದರ ಮೈಮೇಲೆ ಕೂದಲಿನಂಥ ಸಣ್ಣ ಕೈಗಳು ಇರುತ್ತವೆ, ಕೈಯ ತುದಿಗೆ ಹಿಡಿಕೆ. ಆ ಕೈಯಿಂದ ಅದು ಮೂತ್ರಚೀಲದ ಗೋಡೆ ಹಿಡಿದು ನಿಲ್ಲುತ್ತದೆ. ಮೂತ್ರದ ಹರಿವು ಎಳೆದಷ್ಟೂ ಹಿಡಿತ ಬಿಗಿಯಾಗುತ್ತದೆ ಎಂದೆಯಲ್ಲ, ಅದು ನನಗೆ ತಕ್ಷಣ ತಿಳಿಯಿತು. ದುರ್ಗಪ್ಪ ತಿರುವಿನಲ್ಲಿ ಬ್ರೇಕ್ ಹಾಕಿದಾಗ ನಿಂತ ಪ್ರಯಾಣಿಕರು ಮೇಲಿನ ಸರಳನ್ನು ಹಿಡಿಯುವುದು ಹಾಗೆಯೇ. ಆದರೆ ಈ ಕೈಗಳು ಸದಾ ಹೊರಗಿರುವುದಿಲ್ಲ. ಅವನ್ನು ಮಾಡಿಸುವ ಜೀನ್‌ಗಳ ಮುಂದೆ ಡಿಎನ್‌ಎಯ ಒಂದು ಚಿಕ್ಕ ತುಂಡು ಕೂತಿರುತ್ತದೆ. ಅದು ಒಂದು ಮಗ್ಗುಲಿಗೆ ಇದ್ದರೆ ಕೈ ಮೂಡುತ್ತವೆ. ಅದೇ ತುಂಡನ್ನು ಕಿತ್ತು, ತಿರುವಿ, ಅಲ್ಲೇ ಕೂಡಿಸಿದರೆ ಕೈಗಳ ಕೆಲಸ ಬಂದ್. ಕಿತ್ತು ತಿರುವುವುದಕ್ಕೆ ಕ್ರಿಮಿಯೊಳಗೇ ಪ್ರತ್ಯೇಕ ಆಳುಗಳಿದ್ದಾರೆ. ತಂಗಿ, ಇದು ನನ್ನ ಕೆಲಸವೇ. ಜೊಯಿಡಾ ಮುಟ್ಟಿದ ಕೂಡಲೇ ನಾನು ಮುಂದಿನ ಗಾಜಿನ ಬೋರ್ಡು ಕಿತ್ತು ತಿರುವಿ ಇಡುತ್ತೇನೆ. ಬಸ್ಸು ಅದೇ, ಹಲಗೆ ಅದೇ, ಒಂದು ಮಗ್ಗುಲಲ್ಲಿ ಜೊಯಿಡಾ, ಇನ್ನೊಂದರಲ್ಲಿ ದಾಂಡೇಲಿ. ಒಂದೇ ಕ್ರಿಮಿಯ ಸಂತಾನದಲ್ಲಿ ಕೆಲವು ಕೈ ಬಿಚ್ಚಿಕೊಂಡು, ಕೆಲವು ಮಡಚಿಕೊಂಡು ಇರುತ್ತವೆ, ಮೈಯ ಕಾವಲುಗಾರರು ಕೈ ಕಂಡವರನ್ನು ಹಿಡಿದರೂ ಕೈ ಮಡಚಿದವರು ಉಳಿಯಲಿ ಅಂತ, ಎಂಬುದನ್ನೂ ನೀನು ಹೇಳಿದೆ.

ಇದನ್ನು ಕೇಳಿದ ಮೇಲೆ ನನ್ನ ಬದುಕೇ ಕೆಟ್ಟಿತು. ಮೊದಲೇ ಅನುಮಾನದ ಪ್ರಾಣಿ. ಈಗ ಎಲ್ಲೆಲ್ಲೂ ಮಡಚಿದ ಕೈ ಕಾಣತೊಡಗಿತು. ನಿಯಂತ್ರಣಾಧಿಕಾರಿ ಈರೇಶ "ನಮಸ್ಕಾರ ಪರಸಪ್ಪ" ಎಂದು ನಕ್ಕರೆ ಯಾವ ಮಗ್ಗುಲ ಬೋರ್ಡು ಎಂದು ಯೋಚಿಸುತ್ತೇನೆ. ಗೋದು ಕೇಳದೆಯೇ ಚಹಾ ತಂದಿಟ್ಟರೆ ಲೋಟವನ್ನೇ ನೋಡುತ್ತ ಕೂತಿರುತ್ತೇನೆ. "ಕುಡೀರಿ, ವಿಷ ಹಾಕಿಲ್ಲ. ಹಾಲ ಒಡಿಯೂ ಮೊದಲ ಖರ್ಚ ಮಾಡಾಕತ್ತೀನಿ" ಎಂದಳು. ಅದು ನಿಜವಿರಬಹುದು.

ಲ್ಯಾಬಿನ ಒಗಟಿಗೂ ನನ್ನ ಹತ್ತಿರ ಉತ್ತರ ಸಿದ್ಧವಾಯಿತು. ಕ್ರಿಮಿಗಳು ಲ್ಯಾಬಿನ ಬಾಗಿಲು ಕಂಡ ಕೂಡಲೇ ಬೋರ್ಡು ತಿರುವಿ, ಕೈ ಮಡಚಿ, ಸಾಧುಗಳಂತೆ ಕೂತುಬಿಟ್ಟಿವೆ, ಅದಕ್ಕೇ ಸಿಕ್ಕಿಲ್ಲ. ಇದನ್ನು ನಿನಗೆ ಹೆಮ್ಮೆಯಿಂದ ಹೇಳಿದೆ. ನೀನು ನಕ್ಕದ್ದು ಇನ್ನೂ ಕಿವಿಯಲ್ಲಿದೆ. "ಅಣ್ಣಾ, ಕೈ ಇರಲಿ ಬಿಡಲಿ, ಜೀವಂತ ಇದ್ದರ ಲ್ಯಾಬಿನ ತಟ್ಯಾಗ ಬೆಳೀಲೇಬೇಕು. ಬೆಳದಿಲ್ಲ ಅಂದ್ರ ತಟ್ಟಿಗೆ ಬರೂ ಮೊದಲ ಸತ್ತಾವ. ಯಾರು ಕೊಂದ್ರು ನೋಡು." ನೋಡು ಎಂದು ನನ್ನಂಥವನಿಗೆ ಹೇಳಬಾರದಿತ್ತು.

ಮೊದಲು ಲ್ಯಾಬ್ ಹಿಡಿದೆ. ಅಲ್ಲಿ ಬಾಟ್ಲಿ ತೆರೆಯುವವಳು ಇಶ್ರತ, ನಮ್ಮ ಪಕ್ಕದ ಮನೆಯ ಗ್ಯಾರೇಜ್ ಶಮಶುದ್ದೀನನ ಮಗಳು. ನೀನು ಎತ್ತಿ ಆಡಿಸಿದ ಕೂಸು, ಈಗ ಬಿಳಿ ಕೋಟು ಹಾಕಿಕೊಂಡು ಕೈಗವಸು ತೊಟ್ಟು ಬಲು ಗತ್ತಿನಲ್ಲಿ ಕೆಲಸ ಮಾಡುತ್ತಾಳೆ. "ನಮ್ಮ ಬಾಟ್ಲಿ ಬ್ಯಾರೇದವರ ಬಾಟ್ಲಿ ಜೋಡಿ ಅದಲಿ ಬದಲಿ ಆಗಿರಬೇಕು ನೋಡವಾ" ಎಂದೆ. ಆಕೆ ತಲೆ ಎತ್ತಲಿಲ್ಲ. "ಕಾಕಾ, ಹೆಸರ ಅಂಟಿಸಿದ್ದು ನಾನು. ನಿಮ್ಮ ಬಸ್ಸಿನ್ಯಾಗ ಮಂದಿ ಸೀಟ ಬದಲ ಮಾಡ್ತಾರ, ಇಲ್ಲಿ ಬಾಟ್ಲಿ ಮಾಡಂಗಿಲ್ಲ." ಸಂಜೆ ಶಮಶುದ್ದೀನ ಗ್ಯಾರೇಜಿನ ಮುಂದೆ ನನ್ನನ್ನು ತಡೆದ. "ಪರಸಪ್ಪಣ್ಣ, ನನ್ನ ಮಗಳ ಕೆಲಸದಾಗ ಸಂಶೆ ತಗದಿಯಂತಲ್ಲ. ನಿನ್ನ ಸ್ಕೂಟರಿಗೆ ಬ್ರೇಕ್ ಕಟ್ಟಿದಾಂವ ನಾನು. ಅದರ ಮ್ಯಾಲಾದರೂ ಭರೋಸಾ ಐತೋ ಇಲ್ಲೋ?" ಇದೆ ಎಂದೆ. ಅವತ್ತು ಸ್ಕೂಟರನ್ನು ತಳ್ಳಿಕೊಂಡು ಮನೆಗೆ ಹೋದೆ.

ಡಾಕ್ಟರಬಾಯಿ ಎರಡನೆಯ ಬಾಟ್ಲಿ ಕೊಟ್ಟರು, ಅದರ ವರದಿಯೂ ಹಾಗೆಯೇ ಬಂತು. ಈಗ ಡಾಕ್ಟರಬಾಯಿಯ ಮಾತು ಬೇರೆಯಾಯಿತು. ಇನ್ನೊಂದು ಸಲ ನೋಡೋಣ, ಆಗಲೂ ಸಿಗದಿದ್ದರೆ ಹುಬ್ಬಳ್ಳಿಗೆ ಹೋಗಿ ಕೊಳವೆ ಕ್ಯಾಮರಾ ಹಾಕಿಸಿ ಒಳಗೆ ನೋಡಬೇಕಾಗುತ್ತದೆ ಎಂದರು. ಅವ್ವ ಆಟೋದಲ್ಲಿ ಕೂತ ಮೇಲೆ "ಕ್ಯಾಮರಾ ಅಂತ. ನನ್ನ ಮದವ್ಯಾಗೂ ಫೋಟೋ ತಗದಿಲ್ಲ" ಎಂದಳು. ಮನೆ ತಲುಪಿದ ಮೇಲೆ "ಹುಬ್ಬಳ್ಳಿಗೆ ನಾ ಬರಾಂಗಿಲ್ಲ, ನನ್ನ ಎತ್ತಿಕೊಂಡ ಹೋಗಬೇಕು, ಅದೂ ನಾಲ್ಕ ಮಂದಿ" ಎಂದಳು. ಈ ಮಾತಿಗೆ ಗೋದು ನಗಲಿಲ್ಲ. ಅವತ್ತು ರೊಟ್ಟಿಯ ಮುಂದೆ ಕೂತ ಅವ್ವನ ಕೈ ನೋಡಿದೆ ನಿಮ್ಮಿ, ಬಳೆ ಮೊಣಕೈವರೆಗೆ ಜಾರುತ್ತಿದ್ದವು.

ಆದ್ದರಿಂದ ಮೂರನೆಯ ಬಾಟ್ಲಿಗೆ ಪಹರೆ ಹಾಕಿದೆ. ನಿನ್ನೆ ಬೆಳಿಗ್ಗೆ ರಜೆ ತೆಗೆದುಕೊಂಡು, ಬಚ್ಚಲ ಹಂಡೆಯ ಪಕ್ಕ ಕಟ್ಟಿಗೆ ಒಟ್ಟಿದ ಕಡೆ ಹಲ್ಲುಜ್ಜುವ ನೆಪದಲ್ಲಿ ನಿಂತೆ. ಅವ್ವ ಬಂದಳು. ಅತ್ತ ಇತ್ತ ನೋಡಿ ಸೆರಗಿನಿಂದ ಬಾಟ್ಲಿ ತೆಗೆದಳು. ಮುಚ್ಚಳ ಬಿಚ್ಚಿದಳು. ಹಂಡೆಯಿಂದ ಕುದಿಯುವ ನೀರು ತೋಡಿ ಒಳಗೆ ಹಾಕಿ ಕುಲುಕಿದಳು, ಚೆಲ್ಲಿದಳು, ಮತ್ತೆ ಹಾಕಿದಳು. ಆಮೇಲೆ ಗೂಡಿನಿಂದ ಡೆಟಾಲ್ ತೆಗೆದು, ರೊಟ್ಟಿಗೆ ಬೆಣ್ಣೆ ಸವರಿದಷ್ಟು ಅಕ್ಕರೆಯಿಂದ ಬಾಟ್ಲಿಯ ಒಳಗೆಲ್ಲ ಬೆರಳಾಡಿಸಿದಳು. ಕೊನೆಗೆ ಒಂದು ಮುಚ್ಚಳ ಡೆಟಾಲನ್ನು ತಳದಲ್ಲಿ ಹಾಗೇ ಬಿಟ್ಟಳು. ನನ್ನ ಬಾಯಿಂದ ಬ್ರಶ್ ಬಿತ್ತು.

"ಅವ್ವಾ, ಏನ್ ಮಾಡಾಕತ್ತಿ?"

"ಕಣ್ಣಿಲ್ಲೇನು? ಬಾಟ್ಲಿ ತೊಳ್ಯಾಕತ್ತೀನಿ."

"ಅದು ಉಚ್ಚಿ ಹಾಕೂ ಬಾಟ್ಲಿ."

"ಅದಕ್ಕ ಇನ್ನಷ್ಟ ತೊಳೀಬೇಕು."

ಮೊದಲಿನ ಎರಡನ್ನೂ ಹೀಗೇ ತೊಳೆದೆಯಾ ಎಂದೆ. ತೊಳೆಯದೆ ಹೊಲಸು ಕಳಿಸುತ್ತಾರೇನು, ನಾನೇನು ಸಂಸ್ಕಾರವಿಲ್ಲದವಳೇ ಎಂದು ತಿರುಗಿ ನನ್ನ ಮೇಲೇ ಬಂದಳು. ಆಮೇಲೆ ಬಚ್ಚಲ ಕಲ್ಲಿನ ಮೇಲೆ ಕೂತಳು. ದನಿ ಇಳಿಯಿತು. "ಅದನ್ನ ತೆರಿಯೂದು ಯಾರು? ಇಶ್ರತ ಅಲ್ಲೇನು? ಪ್ರತಿ ರಂಜಾನಕ್ಕ ಆ ಮನಿಯಿಂದ ಖೀರಿನ ಡಬ್ಬಿ ಬರತೈತಿ. ಒಂದ ಸಲಾನೂ ಖಾಲಿ ಡಬ್ಬಿ ತಿರುಗಿ ಕಳಿಸಿಲ್ಲ ನಾನು. ಬೆಳಗಿ, ಒರಸಿ, ಒಳಗ ಬೆಲ್ಲ ಹಾಕಿ ಕಳಿಸೀನಿ. ಆ ಮನಿ ಹುಡುಗಿ ಮುಂದ ಈಗ ಇದನ್ನ ಹೆಂಗ ಕಳಿಸಲೋ? ತೆರದಾಗ ವಾಸನಿ ಬಡೀಬಾರದಂತ ಹಾಕೀನಿ."

ನಿಮ್ಮಿ, ನೀನು ಹುಡುಕು ಎಂದ ಕೊಲೆಗಾರ ಸಿಕ್ಕಿದ. ವೈರಿಯನ್ನು ಇಷ್ಟು ನಾಜೂಕಾಗಿ ಕೊಂದು, ಇಷ್ಟು ಮರ್ಯಾದೆಯಿಂದ ಡಾಕ್ಟರರ ಕೈಗೆ ಸಿಗದಂತೆ ಕಾಪಾಡಿದ ಮನೆ ಇನ್ನೊಂದು ಇರಲಾರದು. ಬಾಟ್ಲಿಯೊಳಗಿನವು ಸತ್ತವು, ಅವ್ವನೊಳಗಿನವು ಗೋಡೆ ಹಿಡಿದು ಸುಖವಾಗಿದ್ದವು.

ಬಾಟ್ಲಿ ಸ್ವಚ್ಛವಾಗಿಯೇ ಬರುತ್ತದೆ, ತೊಳೆಯಬೇಡ ಎಂದೆ. ಕೇಳಲಿಲ್ಲ. ಗೋದು ಹೇಳಿದಳು. ಆಕೆಗೆ ಅವ್ವ "ನೀ ಸುಮ್ಮನಿರವಾ, ನಾಳೆ ನಿನಗ ಬಂದಾಗ ತೊಳೀಬ್ಯಾಡ" ಎಂದಳು. ಬಾಟ್ಲಿ ಕೊಡುವುದೇ ಇಲ್ಲ ಎಂದು ಕೋಣೆಯ ಬಾಗಿಲು ಹಾಕಿಕೊಂಡಳು. ನಾನು ಗ್ಯಾರೇಜಿಗೆ ಹೋಗಿ ಶಮಶುದ್ದೀನನ ಮುಂದೆ ಎಲ್ಲ ಹೇಳಿದೆ. ಅವನು ಸ್ಪ್ಯಾನರ್ ಕೆಳಗಿಟ್ಟು ಬಹಳ ಹೊತ್ತು ನಕ್ಕ, ಆಮೇಲೆ ನಗು ನಿಲ್ಲಿಸಿ ಮಗಳಿಗೆ ಫೋನ್ ಹಚ್ಚಿದ. ಇಶ್ರತ ಬಿಳಿ ಕೋಟಿನಲ್ಲೇ, ಹೊಸ ಬಾಟ್ಲಿ ಹಿಡಿದುಕೊಂಡು ಬಂದಳು. ಆಕೆಗೂ ತಲೆ ಬಿಸಿಯಾಗಿತ್ತು. "ಡೆಟಾಲ್ ವಾಸನಿ ಬಂದಿತ್ತ ಕಾಕಾ. ನಾವು ಬೆಂಚ ಒರಸೂದೂ ಅದರಲೇನ, ಅದರದ ಅಂತ ತಿಳದೆ" ಎಂದು ನನಗೆ ಹೇಳಿ ಒಳಗೆ ಹೋದಳು. ನಾನು ಬಾಗಿಲ ಹಿಂದೆ ನಿಂತೆ. ಅನುಮಾನ ಪಡುವವನಿಗೆ ಕದ್ದು ಕೇಳುವ ಹಕ್ಕೂ ಇರುತ್ತದೆ.

"ಅಜ್ಜಿ, ನಾ ಸಣ್ಣಾಕಿದ್ದಾಗ ನಿಮ್ಮ ತೊಡಿ ಮ್ಯಾಲ ಎಷ್ಟ ಸಲ ಮಾಡೇನ್ರಿ?"

"ಯಾರ ಎಣಸ್ಯಾರ ಅದನ್ನ."

"ಆವಾಗ ನಾ ಏನರ ಡೆಟಾಲ್ ಹಾಕಿ ಮಾಡಿದ್ನೇನ್ರಿ?"

ಒಳಗೆ ಮಂಚ ಕಿರುಗುಟ್ಟಿತು. ಆಮೇಲೆ ಅವ್ವನ ದನಿ, "ಕೊಡ ಇಲ್ಲಿ." ಬಾಟ್ಲಿ ಇಸಿದುಕೊಂಡು ಬಚ್ಚಲಿಗೆ ಹೋದಳು. ಇಶ್ರತ ಗೂಡಿನ ಡೆಟಾಲನ್ನು ಕೋಟಿನ ಜೇಬಿಗೆ ಹಾಕಿಕೊಂಡು ಹೊರಗೆ ಕಾವಲು ನಿಂತಳು. ಹುಡುಗಿ ನಮ್ಮ ಇಲಾಖೆಗೆ ಸೇರಬೇಕಿತ್ತು, ತಪಾಸಣೆಯವಳಾಗಿ.

ಈಗ ಆ ಬಾಟ್ಲಿ ಲ್ಯಾಬಿನಲ್ಲಿದೆ. ಬೆಳೆಯಲಿ ಎಂದು ಕಾಯುತ್ತಿದ್ದೇವೆ. ಸ್ವಂತ ತಾಯಿಯ ಕ್ರಿಮಿ ಚೆನ್ನಾಗಿ ಬೆಳೆಯಲಿ ಎಂದು ಮಗ ದೇವರಿಗೆ ಬೇಡಿಕೊಳ್ಳುವ ಕಾಲ ಬಂತು ನೋಡು. ನನ್ನ ಸಂಶಯಗಳ ಪಟ್ಟಿ ಸದ್ಯಕ್ಕೆ ಚಿಕ್ಕದಾಗಿದೆ. ಶಮಶುದ್ದೀನ ಸ್ಕೂಟರ್ ತಳ್ಳಿದ್ದನ್ನು ನೋಡಿದ್ದನೋ ಏನೋ, ಬ್ರೇಕಿನ ಬಗ್ಗೆ ಮಾತ್ರ ಮತ್ತೆ ಏನೂ ಅಂದಿಲ್ಲ. ಅವನ ಮೌನ ನನಗೆ ಸೇರುತ್ತಿಲ್ಲ.

ದುರ್ಗಪ್ಪ ಎದ್ದ. ಬೋರ್ಡು ಇಡಲು ಹೋಗಬೇಕು. ಗೋದು ನಿನ್ನನ್ನು ಕೇಳಿದಳು ಎಂದು ಬರೆಯಲು ಹೇಳಿಲ್ಲ, ಏಕೆಂದರೆ ಪತ್ರದ ಸುದ್ದಿ ಆಕೆಗೆ ಗೊತ್ತಿಲ್ಲ, ಆದರೂ ಕೇಳಿದಳು ಎಂದೇ ತಿಳಿ. ಕೆಮ್ಮಿಗೆ ಔಷಧ ತಗೋ. ಪೂರ್ತಿ ತಗೋ, ಅರ್ಧಕ್ಕೆ ನಿಲ್ಲಿಸಿ ಡಬ್ಬಿ ತುಂಬಬೇಡ. ಮೈ ಗಟ್ಟಿಯಾಗಿರಲಿ, ಹೆಸರು ಬೆಳಗಲಿ.

ನಿನ್ನನ್ನು ಮಾತ್ರ ಎಂದೂ ಸಂಶಯಿಸದ (ಕೆಮ್ಮಿನ ವಿಷಯ ಬಿಟ್ಟು),
ಅಣ್ಣ ಪರಸಪ್ಪ

ತಾ.ಕ.: ಮೇಲಿನದು ನಿನ್ನೆ ಬರೆದದ್ದು. ಇವತ್ತು ಬೆಳಿಗ್ಗೆ ಇಶ್ರತ ವರದಿ ಹಿಡಿದು ಓಡಿ ಬಂದಳು. ತಟ್ಟೆ ತುಂಬ ಬೆಳೆದಿದೆ. ನೀನು ಹೇಳಿದ ಕ್ರಿಮಿಯೇ. ಗುಳಿಗೆಗಳಿಗೆ ಜಗ್ಗುವುದಿಲ್ಲವಂತೆ, ಇಂಜೆಕ್ಷನ್ನಿಗೆ ಮಾತ್ರ. ಅವ್ವನಿಗೆ ರಾತ್ರಿಯಿಂದ ಚಳಿ, ಬೆನ್ನಿನ ಕೆಳಗೆ ಒಂದು ಮಗ್ಗುಲಲ್ಲಿ ನೋವು. ಕಿಡ್ನಿಯ ಬಾಗಿಲಿಗೆ ಬಂದಿದೆ, ಇನ್ನು ತಡ ಮಾಡಬೇಡಿ ಎಂದು ಡಾಕ್ಟರಬಾಯಿ ಮೊದಲ ಇಂಜೆಕ್ಷನ್ ದವಾಖಾನೆಯ ಬೆಂಚಿನ ಮೇಲೇ ಕೊಟ್ಟರು. ಒಂದು ವಾರ ಅಲ್ಲೇ ಮಲಗಿ ತೆಗೆದುಕೊಳ್ಳಬೇಕು. ಅವ್ವ ಒಲ್ಲೆ ಅನ್ನುತ್ತಿದ್ದಾಳೆ. ಹಾಸಿಗೆಯಲ್ಲಿ ಮಲಗಿದರೆ ಪಾತ್ರೆ ಹಿಡಿಯಬೇಕಲ್ಲ, ಸೊಸೆಯ ಕೈಲಿ ಹಿಡಿಸುವುದಿಲ್ಲವಂತೆ, ನರ್ಸಿನ ಕೈಲೂ ಇಲ್ಲವಂತೆ. ಹಾಗಾದರೆ ನಿಮ್ಮಿಯನ್ನು ಕರೆಸಲೇ ಎಂದೆ. "ಬ್ಯಾಡ, ಅಕಿಗೆ ಕೆಲಸ ಇರ್ತಾವ, ಫೋನ್ ಹಚ್ಚಿದರ ನನ್ನ ಆಣಿ" ಎಂದು ಗೋಡೆಯ ಕಡೆ ಹೊರಳಿದಳು. ಸ್ವಲ್ಪ ಹೊತ್ತಾದ ಮೇಲೆ ಗೋಡೆಗೇ ಕೇಳಿದಂತೆ ಕೇಳಿದಳು, "ಪುಣೆ ಬಸ್ ಎಷ್ಟಕ್ಕ ಬರತೈತಿ?"

ಈ ಪತ್ರ ತಂದವನು ಪುಣೆ ಬಸ್ಸಿನ ಕಂಡಕ್ಟರ್ ಪುಂಡಲೀಕ. ಸಂಜೆ ಅವನ ಬಸ್ಸು ದಾಂಡೇಲಿಗೆ ತಿರುಗಿ ಹೊರಡುತ್ತದೆ. ಹತ್ತಿ ಬಾ.